ಬೆಲೆಪಟ್ಟಿ ಮಾತ್ರ ಡಾಲರಿನಲ್ಲೇ ಇತ್ತು

ಎಲ್ ಸಾಲ್ವಡಾರ್ ದೇಶ 2021ರಲ್ಲಿ ಮಾಡಿದ ಬಿಟ್‌ಕಾಯಿನ್ ಕಾನೂನು ತೀರಾ ಚಿಕ್ಕದು. ಒಟ್ಟು ಹದಿನಾರು ಕಲಮುಗಳು, ಅಷ್ಟೇ. ನಮ್ಮಲ್ಲಿ ಒಂದು ಗೃಹನಿರ್ಮಾಣ ಸಂಘದ ಬೈಲಾ ಕೂಡ ಇದಕ್ಕಿಂತ ಉದ್ದ ಇರುತ್ತದೆ. ಅದರ ಏಳನೇ ಕಲಮು ಜಗತ್ತಿನ ಪತ್ರಿಕೆಗಳಲ್ಲೆಲ್ಲ ಸುದ್ದಿಯಾಯಿತು. ಗಿರಾಕಿ ಬಿಟ್‌ಕಾಯಿನ್ ಕೊಟ್ಟರೆ ಪ್ರತಿಯೊಬ್ಬ ವ್ಯಾಪಾರಿಯೂ ಅದನ್ನು ತೆಗೆದುಕೊಳ್ಳಲೇಬೇಕು ಎಂದು ಅದು ಹೇಳಿತ್ತು. ಅದರ ಹಿಂದಿನ ಆರನೇ ಕಲಮನ್ನು ಓದಿದವರು ಕಡಿಮೆ. ಲೆಕ್ಕಪತ್ರಕ್ಕೆ ಅಮೆರಿಕದ ಡಾಲರೇ ಆಧಾರ ಎನ್ನುತ್ತದೆ ಆ ಕಲಮು. ಬಿಟ್‌ಕಾಯಿನ್‌ನಿಂದ ಸೊಪ್ಪು ತರಕಾರಿ ಕೊಳ್ಳುವ ಕಾಲ ಬಂದೀತೇ ಎಂದು ಕೇಳುವವರು ಮೊದಲು ಈ ಆರನೇ ಕಲಮನ್ನು ನೋಡಬೇಕು. ಬಿಟ್‌ಕಾಯಿನ್ ಮೇಲೆ ಅಷ್ಟೆಲ್ಲ ಭರವಸೆ ಇಟ್ಟವರಿಗೂ ತಮ್ಮ ಲೆಕ್ಕದ ಪುಸ್ತಕವನ್ನು ಅದರಲ್ಲಿ ಬರೆಯುವ ಧೈರ್ಯ ಬರಲಿಲ್ಲ.

ಮಧ್ಯ ಅಮೆರಿಕದ ಈ ಪುಟ್ಟ ದೇಶದ ಜನಸಂಖ್ಯೆ ಅರವತ್ತು ಲಕ್ಷದ ಆಸುಪಾಸು, ಬೆಂಗಳೂರು ನಗರಕ್ಕಿಂತ ಕಡಿಮೆ. ತನ್ನದೇ ಆದ ಕೊಲೊನ್ ಎಂಬ ನಾಣ್ಯವನ್ನು ಬದಿಗಿಟ್ಟು 2001ರಲ್ಲಿ ಡಾಲರಿಗೆ ಶರಣಾದ ದೇಶ ಇದು. ದುಡಿಯುವ ವಯಸ್ಸಿನವರು ಅಮೆರಿಕಕ್ಕೆ ಹೋಗಿ ಊರಿಗೆ ಕಳಿಸುವ ಹಣ ಅಲ್ಲಿನ ಒಟ್ಟು ಉತ್ಪನ್ನದ ಐದನೇ ಒಂದು ಭಾಗಕ್ಕಿಂತ ಹೆಚ್ಚು. ಶೇ 70ರಷ್ಟು ಜನಕ್ಕೆ ಬ್ಯಾಂಕಿನ ಸಂಪರ್ಕವೇ ಇಲ್ಲ ಎಂದು ಕಾನೂನಿನ ಪೀಠಿಕೆಯೇ ಹೇಳಿಕೊಂಡಿತ್ತು. ಹಣ ರವಾನೆಯ ಕಂಪನಿಗಳು ಕೀಳುವ ಕಮಿಷನ್ ಉಳಿದರೂ ಸಾಕು, ಬಡವರಿಗೆ ದೊಡ್ಡ ಉಪಕಾರ ಎಂಬುದು ಅಧ್ಯಕ್ಷ ನಯೀಬ್ ಬುಕೆಲೆ ಅವರ ವಾದ. ವಾದದಲ್ಲಿ ಹುರುಳಿಲ್ಲ ಎನ್ನುವಂತಿರಲಿಲ್ಲ. ಜೂನ್ 5ರಂದು ಮಯಾಮಿಯ ಬಿಟ್‌ಕಾಯಿನ್ ಸಮ್ಮೇಳನಕ್ಕೆ ಅವರು ವಿಡಿಯೊ ಮೂಲಕ ಈ ಸುದ್ದಿ ಮುಟ್ಟಿಸಿದರು. ಒಂದು ವಾರ ಕಳೆಯುವ ಮೊದಲೇ 84 ಸದಸ್ಯರ ಶಾಸನಸಭೆಯಲ್ಲಿ 62 ಮತಗಳು ಬಿದ್ದು ಮಸೂದೆ ಪಾಸಾಯಿತು. ಚರ್ಚೆ ಎಂಬುದು ಹೆಸರಿಗಷ್ಟೇ ನಡೆಯಿತು.

ಸೆಪ್ಟೆಂಬರ್ 7ರಂದು ಕಾನೂನು ಜಾರಿಗೆ ಬಂತು. ‘ಚಿವೊ’ ಎಂಬ ಸರ್ಕಾರಿ ಆ್ಯಪ್ ಇಳಿಸಿಕೊಂಡವರಿಗೆ 30 ಡಾಲರ್ ಮೌಲ್ಯದ ಬಿಟ್‌ಕಾಯಿನ್ ಉಚಿತ, ಆಗಿನ ಲೆಕ್ಕದಲ್ಲಿ ಸುಮಾರು 2,200 ರೂಪಾಯಿ. ಚಿವೊ ಎಂದರೆ ಅಲ್ಲಿನ ಆಡುಮಾತಿನಲ್ಲಿ ‘ಸೂಪರ್’ ಅಂತ. ಊರೂರಲ್ಲಿ ಸುಮಾರು 200 ಎಟಿಎಂ ಮಾದರಿಯ ಯಂತ್ರಗಳನ್ನು ನಿಲ್ಲಿಸಿದರು. ಬಿಟ್‌ಕಾಯಿನ್ ಬೇಡ ಎನ್ನುವ ಅಂಗಡಿಯವರಿಗೆ ತಕ್ಷಣ ಡಾಲರ್ ಕೊಡಲೆಂದು ಸರ್ಕಾರಿ ಅಭಿವೃದ್ಧಿ ಬ್ಯಾಂಕಿನಲ್ಲಿ 15 ಕೋಟಿ ಡಾಲರಿನ ನಿಧಿಯೊಂದನ್ನು ಇಟ್ಟರು.

ಅದೇ ದಿನ ಬಿಟ್‌ಕಾಯಿನ್ 52,000 ಡಾಲರಿನ ಆಸುಪಾಸಿನಿಂದ 43,000ದ ಸಮೀಪಕ್ಕೆ ಜಾರಿ, ಮತ್ತೆ ಸ್ವಲ್ಪ ಮೇಲೆ ಬಂತು. ಎಲ್ಲವೂ ಕೆಲವೇ ಗಂಟೆಗಳಲ್ಲಿ. ಇಳಿದ ಬೆಲೆಗೆ ಇನ್ನೂ 150 ನಾಣ್ಯ ಕೊಂಡೆವೆಂದು ಅಧ್ಯಕ್ಷರು ಖುಷಿಯಿಂದ ಟ್ವೀಟ್ ಮಾಡಿದರು. ಷೇರುಪೇಟೆಯಲ್ಲಿ ಆಡುವವರಿಗೆ ಇದು ಒಪ್ಪುವ ಮಾತು. ಆದರೆ ದೇಶದ ಹಣದ ಬೆಲೆ ಒಂದೇ ದಿನದಲ್ಲಿ ಆರನೇ ಒಂದು ಭಾಗ ಕುಸಿದಾಗ ಅದರ ಅಧ್ಯಕ್ಷ ಸಂತೋಷಪಡುವುದು ವಿಚಿತ್ರ. ನಮ್ಮ ರೂಪಾಯಿ 2022ರ ಇಡೀ ವರ್ಷದಲ್ಲಿ ಡಾಲರಿನ ಎದುರು ಶೇ 10–11ರಷ್ಟು ಸೊರಗಿದ್ದಕ್ಕೆ ಸಂಸತ್ತಿನಲ್ಲಿ ಗದ್ದಲವಾಗಿತ್ತು. ಬಿಟ್‌ಕಾಯಿನ್ ಅದೇ ವರ್ಷ ಕಳೆದುಕೊಂಡದ್ದು ಸುಮಾರು ಮೂರನೇ ಎರಡು ಪಾಲು.

ಆ 30 ಡಾಲರಿನ ಕತೆಯನ್ನೇ ಹಿಡಿದು ನೋಡೋಣ. ಒಬ್ಬಾಕೆ ಅದನ್ನು ಮುಟ್ಟದೆ ಇಟ್ಟಿದ್ದಳು ಎಂದುಕೊಳ್ಳಿ. ಎರಡು ತಿಂಗಳಲ್ಲಿ, ಬಿಟ್‌ಕಾಯಿನ್ 69,000ದ ಹತ್ತಿರ ಹೋದಾಗ, ಅದು 44 ಡಾಲರ್ ಆಗುತ್ತಿತ್ತು. ಮರುವರ್ಷ ನವೆಂಬರಿನಲ್ಲಿ ಎಫ್‌ಟಿಎಕ್ಸ್ ಎಂಬ ದೈತ್ಯ ವಿನಿಮಯ ಕೇಂದ್ರ ದಿವಾಳಿಯಾಗಿ ಬೆಲೆ 16,000ಕ್ಕೆ ಬಿದ್ದಾಗ ಕೈಯಲ್ಲಿ ಉಳಿಯುತ್ತಿದ್ದುದು ಹತ್ತು ಡಾಲರ್. 2024ರ ಡಿಸೆಂಬರಿನಲ್ಲಿ ಲಕ್ಷ ಡಾಲರ್ ದಾಟಿದಾಗ ಅರವತ್ತಕ್ಕೂ ಹೆಚ್ಚು. ಈಗ ಹೇಳಿ, ಆಕೆ ಆ ಹಣದಲ್ಲಿ ಮೊದಲ ದಿನವೇ ಕೋಳಿ ಕೊಂಡಿದ್ದರೆ ಒಳ್ಳೆಯದಾಗುತ್ತಿತ್ತೇ, ಕೆಟ್ಟದ್ದಾಗುತ್ತಿತ್ತೇ? ಯಾವ ತಾರೀಕಿನಲ್ಲಿ ಕೇಳುತ್ತೀರಿ ಎಂಬುದರ ಮೇಲೆ ಉತ್ತರ ಬದಲಾಗುತ್ತದೆ. ಮಾರುಕಟ್ಟೆಗೆ ಹೋಗುವ ಹೆಂಗಸಿಗೆ ಈ ಚಿಂತೆಯನ್ನು ಹಚ್ಚುವ ವಸ್ತು ಹಣದ ಕೆಲಸ ಮಾಡಲಾರದು.

ಏರಿಳಿತ ಎಂದರೆ ನಮಗೆ ಬೀಳುವುದಷ್ಟೇ ಕಣ್ಣಿಗೆ ಬೀಳುತ್ತದೆ. ಏರುವುದೂ ಅಷ್ಟೇ ತೊಂದರೆಯದು. ನಾಳೆ ಹೆಚ್ಚಾಗಬಹುದಾದದ್ದನ್ನು ಇಂದು ಯಾರು ಖರ್ಚು ಮಾಡುತ್ತಾರೆ? ಫ್ಲಾರಿಡಾದ ಪ್ರೋಗ್ರಾಮರ್ ಲ್ಯಾಸ್ಲೊ ಹಾನ್ಯೆಟ್ಸ್ 2010ರ ಮೇ 22ರಂದು ಹತ್ತು ಸಾವಿರ ಬಿಟ್‌ಕಾಯಿನ್ ಕೊಟ್ಟು ಎರಡು ಪಿಜ್ಜಾ ತರಿಸಿಕೊಂಡರು. ಆಗ ಅದರ ಬೆಲೆ ನಲವತ್ತು ಡಾಲರ್ ಚಿಲ್ಲರೆ. ಲಕ್ಷ ಡಾಲರಿನ ಲೆಕ್ಕದಲ್ಲಿ ಅದೇ ನಾಣ್ಯಗಳು ನೂರು ಕೋಟಿ ಡಾಲರ್. ಬಿಟ್‌ಕಾಯಿನ್ ಅಭಿಮಾನಿಗಳು ಆ ದಿನವನ್ನು ಪ್ರತಿವರ್ಷ ಹಬ್ಬದಂತೆ ಆಚರಿಸುತ್ತಾರೆ. ಆದರೆ ಅದು ಬಿಟ್‌ಕಾಯಿನ್‌ನಲ್ಲಿ ಏನನ್ನೂ ಕೊಳ್ಳಬಾರದು ಎಂಬುದಕ್ಕೆ ಅವರೇ ಒದಗಿಸಿದ ಸಾಕ್ಷಿ. ಎಲ್ ಸಾಲ್ವಡಾರ್ ಸರ್ಕಾರವೂ ಅದನ್ನೇ ಅರಿತಂತಿದೆ. ಜನರಿಗೆ ಖರ್ಚು ಮಾಡಿ ಎಂದ ಸರ್ಕಾರ ತಾನು ಮಾತ್ರ 2022ರ ನವೆಂಬರಿನಿಂದ ದಿನಕ್ಕೊಂದು ಬಿಟ್‌ಕಾಯಿನ್ ಕೊಂಡು ಖಜಾನೆಯಲ್ಲಿ ಇಡತೊಡಗಿತು.

ಬೆಲೆ ಏರಿದ್ದ ಕಾಲದಲ್ಲಿ, ಅಂಗಡಿಯವರಿಗೆ ಡಾಲರ್ ಕೊಡಲೆಂದು ಇಟ್ಟಿದ್ದ ನಿಧಿಗೆ ಬಂದ ‘ಲಾಭ’ದಿಂದ ಸಾಕುಪ್ರಾಣಿಗಳಿಗೆ ಒಂದು ಆಸ್ಪತ್ರೆ ಕಟ್ಟಿಸುವುದಾಗಿ ಬುಕೆಲೆ ಘೋಷಿಸಿದರು, 2022ರಲ್ಲಿ ಕಟ್ಟಿಸಿಯೂ ಬಿಟ್ಟರು. ಹೆಸರು ಚಿವೊ ಪೆಟ್ಸ್. ಶುಲ್ಕ ಬಿಟ್‌ಕಾಯಿನ್‌ನಲ್ಲೇ ಕೊಡಬೇಕಿತ್ತು. ಎಷ್ಟು? 25 ಸೆಂಟ್. ಬಿಟ್‌ಕಾಯಿನ್ ಲಾಭದಿಂದ ಎದ್ದ, ಬಿಟ್‌ಕಾಯಿನ್ ಮಾತ್ರ ಮುಟ್ಟುತ್ತಿದ್ದ ಆಸ್ಪತ್ರೆಯೂ ತನ್ನ ದರವನ್ನು ಡಾಲರಿನ ಚಿಲ್ಲರೆಯಲ್ಲಿ ಹೇಳಬೇಕಾಯಿತು.

ಬೀದಿಯ ಪುಪುಸಾ ಅಂಗಡಿಗಳದ್ದೂ ಇದೇ ಕತೆ. ಪುಪುಸಾ ಎಂದರೆ ಮೆಕ್ಕೆಜೋಳದ ಹಿಟ್ಟಿನೊಳಗೆ ಬೀನ್ಸು, ಚೀಸು ತುಂಬಿ ಕಾವಲಿಯ ಮೇಲೆ ಬೇಯಿಸುವ ದಪ್ಪ ರೊಟ್ಟಿ, ಅವರ ದಿನನಿತ್ಯದ ಊಟ. ಎಲ್ ಸೊಂಟೆ ಎಂಬ ಕಡಲತೀರದ ಹಳ್ಳಿಯಲ್ಲಿ 2019ರಿಂದಲೇ, ಹೆಸರು ಹೇಳಿಕೊಳ್ಳದ ದಾನಿಯೊಬ್ಬರ ನೆರವಿನಿಂದ, ಇಂಥ ಅಂಗಡಿಗಳೂ ಬಿಟ್‌ಕಾಯಿನ್ ತೆಗೆದುಕೊಳ್ಳುತ್ತಿದ್ದವು. ಕಾನೂನಿಗೆ ಸ್ಫೂರ್ತಿ ಆ ಊರೇ ಎನ್ನುತ್ತಾರೆ. ಅಲೆಯ ಮೇಲೆ ಹಲಗೆಯಾಟ ಆಡಲು ಬರುವ ವಿದೇಶಿಯರು, ದಾನವಾಗಿ ಬರುವ ನಾಣ್ಯ, ಎರಡೂ ಇದ್ದ ಊರಿನ ಅನುಭವವನ್ನು ಇಡೀ ದೇಶಕ್ಕೆ ಹೊಲಿಸಿ ತೊಡಿಸಲು ಹೊರಟದ್ದೇ ಮೊದಲ ತಪ್ಪು.

ಆಮೇಲೆ ಏನಾಯಿತು ಎಂಬುದನ್ನು ಫರ್ನಾಂಡೊ ಅಲ್ವಾರೆಸ್, ಡೇವಿಡ್ ಆರ್ಹೆಂಟೆ ಮತ್ತು ಡಿಯಾನಾ ವ್ಯಾನ್ ಪ್ಯಾಟನ್ ಎಂಬ ಅರ್ಥಶಾಸ್ತ್ರಜ್ಞರು 1,800 ಮನೆಗಳಿಗೆ ಹೋಗಿ ಕೇಳಿ ದಾಖಲಿಸಿದರು. ಆ್ಯಪ್ ಇಳಿಸಿಕೊಂಡವರಲ್ಲಿ ಹೆಚ್ಚಿನವರು 30 ಡಾಲರ್ ಮುಗಿಸಿ ಮತ್ತೆ ಅದನ್ನು ತೆರೆಯಲಿಲ್ಲ. ಐದರಲ್ಲಿ ಒಂದು ವ್ಯಾಪಾರ ಸಂಸ್ಥೆ ಮಾತ್ರ ಬಿಟ್‌ಕಾಯಿನ್ ಸ್ವೀಕರಿಸುತ್ತಿತ್ತು, ಅವೂ ಬಹುಪಾಲು ದೊಡ್ಡವು. ಸ್ವೀಕರಿಸಿದವರಲ್ಲಿ ಹೆಚ್ಚಿನವರು ಅದನ್ನು ಡಾಲರಿಗೆ ಬದಲಿಸಿಕೊಂಡರು. ಯಾವ ರವಾನೆಯ ಹೆಸರಿನಲ್ಲಿ ಇಷ್ಟೆಲ್ಲ ನಡೆಯಿತೋ ಆ ರವಾನೆಯಲ್ಲಿ 2022ರ ಫೆಬ್ರುವರಿಯಲ್ಲಿ ಡಿಜಿಟಲ್ ವಾಲೆಟ್‌ಗಳ ಪಾಲು ಶೇ 1.6.

ಏರಿಳಿತವೇ ಎಲ್ಲದಕ್ಕೂ ಕಾರಣ ಎಂದು ಇಲ್ಲಿಗೆ ಕಡತ ಮುಚ್ಚಬಹುದಿತ್ತು. ಆದರೆ ಒಂದು ತೊಡಕಿದೆ. ಚಿವೊ ಆ್ಯಪ್‌ನಲ್ಲಿ ಅಂಗಡಿಯವನು ಬಯಸಿದರೆ ಬಂದ ಬಿಟ್‌ಕಾಯಿನ್ ಆ ಕ್ಷಣವೇ ಡಾಲರ್ ಆಗಿ ಅವನ ಖಾತೆಗೆ ಬೀಳುತ್ತಿತ್ತು. ಬೆಲೆ ಬಿದ್ದರೆ ಪೆಟ್ಟು ತಿನ್ನುವುದು ಸರ್ಕಾರದ ನಿಧಿ, ಅವನಲ್ಲ. ಅಂದರೆ ಅಂಗಡಿಯ ಗಲ್ಲಾಪೆಟ್ಟಿಗೆಯ ಮಟ್ಟಿಗೆ ಏರಿಳಿತದ ಕಾಟವನ್ನು ತೆಗೆದುಹಾಕಿಯಾಗಿತ್ತು. ಆದರೂ ಜನ ಬಳಸಲಿಲ್ಲ. ಯಾಕೆ ಎಂದು ಸಮೀಕ್ಷೆಯವರು ಕೇಳಿದರೆ ಆ್ಯಪ್ ಇಳಿಸಿಕೊಳ್ಳದವರು ಮೊದಲು ಹೇಳಿದ್ದು ನಮಗೆ ನೋಟೇ ಇಷ್ಟ ಎಂದು. ಎರಡನೆಯದು ಅಪನಂಬಿಕೆ. ತಮ್ಮ ಗುರುತಿನ ಚೀಟಿಯ ಸಂಖ್ಯೆ ಹಾಕಿ ಯಾರೋ ಆಗಲೇ ಖಾತೆ ತೆರೆದು 30 ಡಾಲರ್ ಎತ್ತಿಕೊಂಡಿದ್ದಾರೆ ಎಂಬ ದೂರುಗಳು ಬಹಳ ಬಂದಿದ್ದವು. ಇಂಥದ್ದೊಂದು ಸುದ್ದಿ ಬೀದಿಗೆ ಬಿದ್ದರೆ ಸಾಕು, ಯಾವ ಕಾನೂನೂ ಆ ನಂಬಿಕೆಯನ್ನು ಮರಳಿಸದು.

ಇನ್ನೊಂದು ತೊಡಕು ಅರ್ಜೆಂಟೀನಾ. 2023ರಲ್ಲಿ ಅಲ್ಲಿನ ಹಣದುಬ್ಬರ ಶೇ 200 ದಾಟಿತ್ತು. ಡಿಸೆಂಬರಿನಲ್ಲಿ ಹೊಸ ಸರ್ಕಾರ ಬಂದು ಪೆಸೊದ ಅಧಿಕೃತ ಬೆಲೆಯನ್ನು ಒಂದೇ ಏಟಿಗೆ ಅರ್ಧಕ್ಕಿಂತ ಕೆಳಗಿಳಿಸಿತು. ಅಷ್ಟು ಅಸ್ಥಿರವಾದ ಹಣ. ಆದರೂ ಬ್ಯೂನಸ್ ಐರಿಸ್‌ನ ಬೇಕರಿಯಲ್ಲಿ ಬ್ರೆಡ್ಡು, ಬಸ್ಸಿನಲ್ಲಿ ಟಿಕೆಟ್ಟು ಪೆಸೊದಲ್ಲೇ ನಡೆಯಿತು. ಮನೆ, ನಿವೇಶನದ ವ್ಯವಹಾರ ಡಾಲರಿನಲ್ಲಿ, ಉಳಿತಾಯ ಹಾಸಿಗೆಯ ಕೆಳಗೆ ಡಾಲರ್ ನೋಟುಗಳಲ್ಲಿ, ದಿನದ ಖರ್ಚು ಮಾತ್ರ ಪೆಸೊದಲ್ಲಿ. ಹಾಗಾದರೆ ಬೆಲೆ ಕುಸಿಯುವ ಹಣವೂ ದಿನಬಳಕೆಗೆ ಒದಗುತ್ತದೆಯಲ್ಲ?

ಒದಗುತ್ತದೆ. ಯಾಕೆಂದರೆ ಅಲ್ಲಿ ಸಂಬಳ ಪೆಸೊದಲ್ಲಿ ಬರುತ್ತದೆ, ತೆರಿಗೆ ಪೆಸೊದಲ್ಲಿ ಕಟ್ಟಬೇಕು, ಅಂಗಡಿಯವನು ಸರಕಿನವನಿಗೆ ಕೊಡಬೇಕಾದ ಬಾಕಿಯೂ ಪೆಸೊದಲ್ಲೇ. ಎಲ್ಲರೂ ಒಂದೇ ದೋಣಿಯಲ್ಲಿ ಮುಳುಗುತ್ತಿದ್ದಾಗ ದೋಣಿಯೊಳಗಿನ ವ್ಯವಹಾರ ನಿಲ್ಲುವುದಿಲ್ಲ. ಬಿಟ್‌ಕಾಯಿನ್ ಹಿಡಿದವನ ಪಾಡು ಬೇರೆ. ಅವನ ಬಾಡಿಗೆ, ಸಾಲದ ಕಂತು, ಮಗಳ ಶಾಲೆಯ ಫೀಸು ಎಲ್ಲವೂ ಇನ್ನೊಂದು ಹಣದಲ್ಲಿವೆ. ಬಾಕಿಗಳು ಒಂದು ಹಣದಲ್ಲಿ, ಜೇಬಿನಲ್ಲಿರುವುದು ಇನ್ನೊಂದರಲ್ಲಿ, ಇವೆರಡರ ನಡುವಿನ ದರ ಗಂಟೆಗೊಮ್ಮೆ ಬದಲಾಗುತ್ತದೆ. ಏರಿಳಿತ ಕಚ್ಚುವುದು ಈ ಸಂದಿನಲ್ಲಿ. ಆದ್ದರಿಂದ ಬೆಲೆ ಏರಿಳಿಯುವುದರಿಂದ ಅದು ಹಣವಾಗುತ್ತಿಲ್ಲ ಎಂಬುದು ಅರ್ಧ ಮಾತು. ಯಾರೂ ಅದರಲ್ಲಿ ಬೆಲೆ ಬರೆಯದ್ದರಿಂದ, ಸಂಬಳ ನಿಗದಿ ಮಾಡದ್ದರಿಂದ, ಸಾಲ ಕೊಡದ್ದರಿಂದ ಅದರ ಬೆಲೆಗೆ ಲಂಗರಿಲ್ಲ ಎಂಬುದು ಉಳಿದರ್ಧ. ಒಂದು ಇನ್ನೊಂದನ್ನು ಹಿಡಿದು ಕೂತಿದೆ.

ಬಳಕೆ ಹೆಚ್ಚಿದಂತೆ ಏರಿಳಿತ ತಾನೇ ತಣಿಯುತ್ತದೆ ಎಂಬುದು ಬೆಂಬಲಿಗರ ನೆಚ್ಚಿನ ಉತ್ತರ. ಹಿಂದಿನಷ್ಟು ಹುಚ್ಚು ಕುಣಿತ ಈಗಿಲ್ಲ ಎಂಬುದು ನಿಜವೇ. 2020ರ ಮಾರ್ಚ್ 12ರಂದು ಒಂದೇ ದಿನ ಶೇ 40ರಷ್ಟು ಬಿದ್ದಂತೆ ಈಚೆಗೆ ಬಿದ್ದಿಲ್ಲ. ಆದರೆ 2025ರ ಅಕ್ಟೋಬರ್ ಮೊದಲ ವಾರ 1,26,000 ಡಾಲರ್ ಮುಟ್ಟಿದ ಬಿಟ್‌ಕಾಯಿನ್ ನವೆಂಬರ್ ಮುಗಿಯುವ ಮೊದಲೇ 90,000ದ ಕೆಳಗೆ ಇಳಿದಿತ್ತು. ಒಟ್ಟು ಮೌಲ್ಯ ಎರಡು ಲಕ್ಷ ಕೋಟಿ ಡಾಲರ್ ದಾಟಿ, ಅಮೆರಿಕದ ದೊಡ್ಡ ದೊಡ್ಡ ನಿಧಿಗಳೆಲ್ಲ ಒಳಗೆ ಬಂದ ಮೇಲಿನ ಮಾತಿದು. ದೊಡ್ಡದಾದರೆ ಸಾಕು, ತಣ್ಣಗಾಗುತ್ತದೆ ಎಂಬ ವಾದ ನನಗೆ ಒಪ್ಪಿಗೆಯಾಗುವುದಿಲ್ಲ.

ಅದಕ್ಕೆ ಕಾರಣ ಅದರ ಹುಟ್ಟಿನಲ್ಲೇ ಇದೆ. ದಸರಾ ದೀಪಾವಳಿ ಬಂದಾಗ ಜನಕ್ಕೆ ಕೈಯಲ್ಲಿ ಹೆಚ್ಚು ನೋಟು ಬೇಕಾಗುತ್ತದೆ, ರಿಸರ್ವ್ ಬ್ಯಾಂಕು ಹೊರಗೆ ಬಿಡುತ್ತದೆ. ಹಬ್ಬ ಮುಗಿದ ಮೇಲೆ ಅದು ಬ್ಯಾಂಕುಗಳಿಗೆ ಮರಳುತ್ತದೆ. ಬೇಡಿಕೆ ಹೆಚ್ಚಿದರೆ ಪೂರೈಕೆ ಹೆಚ್ಚುತ್ತದೆ, ಹಾಗಾಗಿ ನೋಟಿನ ಬೆಲೆ ಅಲುಗುವುದಿಲ್ಲ. ಸತೋಷಿ ನಕಮೊಟೊ ಎಂಬ ಹೆಸರಿನಲ್ಲಿ 2008ರ ಅಕ್ಟೋಬರ್ 31ರಂದು ಹೊರಬಂದ ಪ್ರಬಂಧ ನಗದಿನಂತೆ ಕೈಯಿಂದ ಕೈಗೆ ಹೋಗುವ ಎಲೆಕ್ಟ್ರಾನಿಕ್ ಹಣದ ಮಾತಾಡಿತ್ತು. ಆದರೆ ಬಿಟ್‌ಕಾಯಿನ್‌ನ ತಂತ್ರಾಂಶದಲ್ಲಿ ಒಟ್ಟು ಸಂಖ್ಯೆಗೆ 2.1 ಕೋಟಿಯ ಮಿತಿ ಇದೆ. ಸರಾಸರಿ ಹತ್ತು ನಿಮಿಷಕ್ಕೊಮ್ಮೆ ಹೊಸ ನಾಣ್ಯಗಳು ಹುಟ್ಟುತ್ತವೆ, ಆ ಪ್ರಮಾಣ ನಾಲ್ಕು ವರ್ಷಕ್ಕೊಮ್ಮೆ ಅರ್ಧವಾಗುತ್ತದೆ. ಇಡೀ ಜಗತ್ತು ಬಂದು ಕೇಳಿದರೂ ಒಂದು ನಾಣ್ಯ ಹೆಚ್ಚು ಹುಟ್ಟದು, ಯಾರೂ ಕೇಳದಿದ್ದರೂ ಒಂದು ಕಡಿಮೆಯಾಗದು. ಗಣಿತದ ಒಗಟು ಬಿಡಿಸಿ ಹೊಸ ನಾಣ್ಯ ಪಡೆಯುವ ‘ಗಣಿಗಾರಿಕೆ’ಗೆ ಹೆಚ್ಚು ಜನ ಇಳಿದರೆ ಆ ಒಗಟು ತಾನೇ ಕಠಿಣವಾಗುತ್ತದೆ. ಪೂರೈಕೆಯನ್ನು ಹೀಗೆ ಬಿಗಿದು ಕಟ್ಟಿದ ಮೇಲೆ ಬೇಡಿಕೆಯ ಏರಿಳಿತವೆಲ್ಲ ಬೆಲೆಯ ಮೇಲೇ ಬೀಳಬೇಕು. ಸರ್ಕಾರಗಳು ಮನಸ್ಸು ಬಂದಂತೆ ನೋಟು ಅಚ್ಚು ಹಾಕುವುದನ್ನು ತಡೆಯಲು ಇಟ್ಟ ಬೇಲಿ ಇದು. ಚಿನ್ನದಂಥ ಆಸ್ತಿಗೆ ಈ ಬೇಲಿ ಶೋಭೆ. ಕಿರಾಣಿ ಅಂಗಡಿಯ ಹಣಕ್ಕೆ ಇದೇ ಉರುಳು.

ಕೊಳ್ಳುವ ಮತ್ತು ಮಾರುವ ಆ ಚಿಕ್ಕ ಗಳಿಗೆಯಲ್ಲೂ ಉರುಳು ಬಿಗಿಯುತ್ತದೆ. ವಿಡಿಯೊ ಗೇಮ್ ಮಾರುವ ಸ್ಟೀಮ್ ಎಂಬ ಜಾಲತಾಣ ಬಿಟ್‌ಕಾಯಿನ್ ತೆಗೆದುಕೊಳ್ಳುತ್ತಿತ್ತು. 2017ರ ಡಿಸೆಂಬರಿನಲ್ಲಿ ನಿಲ್ಲಿಸಿತು. ವ್ಯವಹಾರವೊಂದರ ಶುಲ್ಕ 20 ಡಾಲರಿನ ಸಮೀಪ ಹೋಗಿದ್ದು ಒಂದು ಕಾರಣ. ಇನ್ನೊಂದು ಸ್ವಾರಸ್ಯದ್ದು. ಗಿರಾಕಿ ಕಳಿಸಿದ ಹಣ ತಲುಪುವಷ್ಟರಲ್ಲಿ ಬೆಲೆ ಬದಲಾಗಿರುತ್ತಿತ್ತು. ಕಡಿಮೆ ಬಿದ್ದರೆ ಬಾಕಿ ಕೇಳಬೇಕು, ಹೆಚ್ಚಾದರೆ ಮರಳಿಸಬೇಕು. ಕೇಳಲಿ, ಮರಳಿಸಲಿ, ಆ ಚಿಲ್ಲರೆ ಕಳಿಸಲು ಮತ್ತೊಮ್ಮೆ ಶುಲ್ಕ. ಅಷ್ಟರಲ್ಲಿ ಬೆಲೆ ಮತ್ತೆ ಬದಲಾಗಿರಬಹುದು! ಲೈಟ್ನಿಂಗ್ ಎಂಬ ಹೊಸ ಜಾಲ ಬಂದ ಮೇಲೆ ಶುಲ್ಕ ಮತ್ತು ವಿಳಂಬ ಎರಡೂ ಇಳಿದವು, ಅದನ್ನು ಒಪ್ಪಲೇಬೇಕು. ಬೆಲೆಯ ಕುಣಿತ ಇಳಿಯಲಿಲ್ಲ.

ಬಿಟ್‌ಕಾಯಿನ್ ‘ಒಪ್ಪಿಕೊಂಡ’ ಕಡೆಯೆಲ್ಲ ಒಳಹೊಕ್ಕು ನೋಡಿದರೆ ಕಾಣುವುದು ಒಂದೇ ಏರ್ಪಾಡು. ಸ್ವಿಟ್ಜರ್ಲೆಂಡಿನ ಜುಗ್ ಪ್ರಾಂತದಲ್ಲಿ ತೆರಿಗೆಯನ್ನೂ ಬಿಟ್‌ಕಾಯಿನ್‌ನಲ್ಲಿ ಕಟ್ಟಬಹುದು. ತೆರಿಗೆಯ ಮೊತ್ತ ಫ್ರಾಂಕ್‌ನಲ್ಲಿ ನಿಗದಿಯಾಗಿರುತ್ತದೆ, ಮಧ್ಯದ ಕಂಪನಿಯೊಂದು ಬಿಟ್‌ಕಾಯಿನ್ ಪಡೆದು ಖಜಾನೆಗೆ ಫ್ರಾಂಕ್ ಕಳಿಸುತ್ತದೆ. ಅಧಿಕಾರಿಯ ಕೈಗೆ ಬಿಟ್‌ಕಾಯಿನ್ ಸೋಕುವುದೇ ಇಲ್ಲ.

ನಮ್ಮಲ್ಲಿ ಈ ಕತೆ ತುಮಕೂರಿನ ನಂಟಿರುವ ಯುನೊಕಾಯಿನ್ ಎಂಬ ಬಿಟ್‌ಕಾಯಿನ್ ವಿನಿಮಯ ಕಂಪನಿಯನ್ನು ಹಾದು ಹೋಗುತ್ತದೆ. ಬಿಟ್‌ಕಾಯಿನ್‌ನಂಥ ಕ್ರಿಪ್ಟೊ ನಾಣ್ಯಗಳ ವ್ಯವಹಾರಕ್ಕೆ ಬ್ಯಾಂಕ್ ಸೇವೆ ಕೊಡಬಾರದೆಂದು ರಿಸರ್ವ್ ಬ್ಯಾಂಕ್ 2018ರ ಏಪ್ರಿಲ್‌ನಲ್ಲಿ ಸುತ್ತೋಲೆ ಹೊರಡಿಸಿತು. ಅಕ್ಟೋಬರಿನಲ್ಲಿ ಆ ಕಂಪನಿ ಬೆಂಗಳೂರಿನ ಹಳೇ ಏರ್‌ಪೋರ್ಟ್ ರಸ್ತೆಯ ಕೆಂಪ್ ಫೋರ್ಟ್ ಮಾಲ್‌ನಲ್ಲಿ, ಬ್ಯಾಂಕಿನ ಹಂಗಿಲ್ಲದೆ ನಗದು ಹಾಕಲು ತೆಗೆಯಲು ಯಂತ್ರವೊಂದನ್ನು ಇರಿಸಿತು. ಕೆಲವೇ ದಿನಗಳಲ್ಲಿ ಪೊಲೀಸರು ಬಂದು ಜಪ್ತಿ ಮಾಡಿದರು. ಸುಪ್ರೀಂ ಕೋರ್ಟ್ 2020ರ ಮಾರ್ಚ್ 4ರಂದು ಆ ಸುತ್ತೋಲೆಯನ್ನೇ ರದ್ದುಮಾಡಿತು. ಕಾನೂನಿನ ಜಗಳ ಹಾಗಿರಲಿ. ಆ ಯಂತ್ರ ಇದ್ದದ್ದು ರೂಪಾಯಿ ಒಳಗೆ, ರೂಪಾಯಿ ಹೊರಗೆ ಎಂಬ ಕೆಲಸಕ್ಕೆ. ಅದೇ ಮಾಲ್‌ನಲ್ಲಿ ಬಿಟ್‌ಕಾಯಿನ್ ಕೊಟ್ಟು ಚಪ್ಪಲಿ ಕೊಳ್ಳಲಿ ಎಂದು ಅದನ್ನು ಇಟ್ಟವರೂ ಅಂದುಕೊಂಡಿರಲಿಲ್ಲ.

2022ರ ಬಜೆಟ್ ಉಳಿದ ಬಾಗಿಲನ್ನೂ ಹಾಕಿತು. ಕ್ರಿಪ್ಟೊ ಕೈಬದಲಾದರೆ ಅದು ಆಸ್ತಿಯ ವರ್ಗಾವಣೆ, ಲಾಭದ ಮೇಲೆ ಶೇ 30 ತೆರಿಗೆ, ಜೊತೆಗೆ ಶೇ 1 ಟಿಡಿಎಸ್. ಅರವತ್ತು ಸಾವಿರಕ್ಕೆ ಕೊಂಡ ಬಿಟ್‌ಕಾಯಿನ್ ಕೊಟ್ಟು ಲಕ್ಷ ರೂಪಾಯಿಯ ಫ್ರಿಜ್ ತಂದರೆ ನಲವತ್ತು ಸಾವಿರ ಲಾಭ ಎಂದು ಲೆಕ್ಕ, ಸೆಸ್ ಸೇರಿ 12,480 ರೂಪಾಯಿ ತೆರಿಗೆ. ಅದೇ ಬಿಟ್‌ಕಾಯಿನ್ 1.4 ಲಕ್ಷಕ್ಕೆ ಕೊಂಡದ್ದಾಗಿದ್ದರೆ ನಲವತ್ತು ಸಾವಿರದ ನಷ್ಟವನ್ನು ಬೇರೆ ಯಾವ ಲಾಭದಲ್ಲೂ ಕಳೆಯುವಂತಿಲ್ಲ. ಏರಿದರೆ ಸರ್ಕಾರಕ್ಕೆ ಪಾಲು, ಇಳಿದರೆ ನಿಮ್ಮ ಹಣೆಬರಹ. ಬೆಲೆ ಅಲುಗಾಡದ ವಸ್ತುವಿಗೆ ಲಾಭದ ಮೇಲಿನ ಈ ತೆರಿಗೆಯಿಂದ ತೊಂದರೆಯೇ ಇರುತ್ತಿರಲಿಲ್ಲ ಎಂಬುದನ್ನು ಗಮನಿಸಬೇಕು.

ಬೆಲೆ ಅಲುಗಾಡದ ಕ್ರಿಪ್ಟೊ ಕೂಡ ಬಂದಿದೆ. ಅದನ್ನು ಸ್ಟೇಬಲ್‌ಕಾಯಿನ್ ಎನ್ನುತ್ತಾರೆ. ಒಂದು ನಾಣ್ಯಕ್ಕೆ ಒಂದು ಡಾಲರ್. ಅರ್ಜೆಂಟೀನಾ, ವೆನೆಜುವೆಲಾ, ನೈಜೀರಿಯಾಗಳಲ್ಲಿ ಜನ ಟೆಥರ್ ಎಂಬ ಸ್ಟೇಬಲ್‌ಕಾಯಿನ್ ಅನ್ನು ನಿಜಕ್ಕೂ ಬಳಸುತ್ತಾರೆ. ತಮಾಷೆಯೆಂದರೆ, ಡಾಲರನ್ನು ಓಡಿಸಲು ಹುಟ್ಟಿದ ತಂತ್ರಜ್ಞಾನ ಕೊನೆಗೆ ಡಾಲರಿನ ಬಾಲ ಹಿಡಿದೇ ಬೀದಿಗೆ ಬಂತು. ಬಾಲವೂ ಒಮ್ಮೊಮ್ಮೆ ಕೈಜಾರುತ್ತದೆ. ಟೆರಾಯುಎಸ್‌ಡಿ ಎಂಬ ಸ್ಟೇಬಲ್‌ಕಾಯಿನ್ 2022ರ ಮೇ ತಿಂಗಳಲ್ಲಿ ಕೆಲವೇ ದಿನಗಳಲ್ಲಿ ನೆಲಕಚ್ಚಿತು. ಮೀಸಲಿನಲ್ಲಿ ನಿಜವಾದ ಡಾಲರ್ ಇಟ್ಟಿದ್ದ ಯುಎಸ್‌ಡಿಸಿ ಎಂಬ ಇನ್ನೊಂದು ಸ್ಟೇಬಲ್‌ಕಾಯಿನ್ ಕೂಡ, ಅದರ 330 ಕೋಟಿ ಡಾಲರ್ ಇದ್ದ ಸಿಲಿಕಾನ್ ವ್ಯಾಲಿ ಬ್ಯಾಂಕ್ 2023ರ ಮಾರ್ಚ್‌ನಲ್ಲಿ ಮುಳುಗಿದಾಗ, ವಾರಾಂತ್ಯವೊಂದರಲ್ಲಿ 90 ಸೆಂಟಿಗಿಂತ ಕೆಳಗಿಳಿದು ಮೇಲೆ ಬಂತು.

ಸ್ಥಿರತೆಯೊಂದೇ ಸಾಲದು ಎಂಬುದಕ್ಕೆ ನಮ್ಮ ಇ-ರೂಪಾಯಿಯೇ ಇದೆ. ರಿಸರ್ವ್ ಬ್ಯಾಂಕಿನದೇ ಡಿಜಿಟಲ್ ಹಣ, ಒಂದು ರೂಪಾಯಿಗೆ ಸದಾ ಒಂದು ರೂಪಾಯಿ. 2022ರ ಡಿಸೆಂಬರ್ 1ರಂದು ಮೊದಲು ಶುರುವಾದ ನಾಲ್ಕು ನಗರಗಳಲ್ಲಿ ಬೆಂಗಳೂರೂ ಒಂದು. 2025ರ ಮಾರ್ಚ್ ಹೊತ್ತಿಗೆ ಚಲಾವಣೆಯಲ್ಲಿದ್ದ ಇ-ರೂಪಾಯಿ ಸುಮಾರು ಸಾವಿರ ಕೋಟಿ, ನೋಟುಗಳು 36 ಲಕ್ಷ ಕೋಟಿಗೂ ಹೆಚ್ಚು. ಏರಿಳಿತ ಸೊನ್ನೆ, ಸರ್ಕಾರದ ಮುದ್ರೆ ಇದೆ, ಆದರೂ ಯುಪಿಐ ಸ್ಕ್ಯಾನ್ ಮಾಡುವ ಕೈಗೆ ಇನ್ನೊಂದು ಆ್ಯಪ್ ಯಾಕೆ ಬೇಕು ಎಂಬ ಪ್ರಶ್ನೆಗೆ ಉತ್ತರವಿಲ್ಲ. ಸ್ಥಿರವಾದದ್ದಕ್ಕೇ ಈ ಗತಿಯಾದರೆ, ಅಸ್ಥಿರವಾದದ್ದು ಬೀದಿಬದಿಯ ಗಾಡಿಯನ್ನು ಯಾವ ಮುಖ ಹೊತ್ತು ತಲುಪೀತು?

ಎಲ್ ಸಾಲ್ವಡಾರ್ ಕೊನೆಗೆ ಐಎಂಎಫ್ ಮುಂದೆ ಕೂತಿತು. 140 ಕೋಟಿ ಡಾಲರಿನ ಸಾಲಕ್ಕಾಗಿ 2025ರ ಜನವರಿಯಲ್ಲಿ ಕಾನೂನು ತಿದ್ದಿತು, ಪರವಾಗಿ 55, ವಿರುದ್ಧ 2 ಮತ. ವ್ಯಾಪಾರಿಗಳ ಮೇಲಿನ ಒತ್ತಾಯ ಹೋಯಿತು, ತೆರಿಗೆ ಡಾಲರಿನಲ್ಲೇ ಕಟ್ಟಬೇಕೆಂದಾಯಿತು. ಹೆಚ್ಚಿನವರ ದಿನಚರಿಯಲ್ಲಿ ಏನೂ ಬದಲಾಗಲಿಲ್ಲ, ಅವರು ಬಳಸಿದ್ದರೆ ತಾನೇ ಬಿಡುವುದು. ಸರ್ಕಾರದ ಬಿಟ್‌ಕಾಯಿನ್ ದಾಸ್ತಾನು ಆರು ಸಾವಿರ ದಾಟಿದೆ. ಆಸ್ತಿಯಾಗಿ ಅದು ಲಾಭ ತಂದಿರಬಹುದು. ಹಣವಾಗಿ ಸೋತಿತು ಎಂಬುದೇ ನನ್ನ ತೀರ್ಪು.

ಹೊರದೇಶದ ಗಿರಾಕಿಗಳಿಗೆ ಕೆಲಸ ಮಾಡಿ ಕ್ರಿಪ್ಟೊದಲ್ಲಿ ಸಂಭಾವನೆ ಪಡೆಯುವ ತರುಣ ತರುಣಿಯರು ಬೆಂಗಳೂರಿನಲ್ಲೂ ಇದ್ದಾರೆ. ಅವರಿಗೊಂದು ಮಾತು. ಕರಾರಿನಲ್ಲಿ ಮೊತ್ತವನ್ನು ರೂಪಾಯಿಯಲ್ಲೋ ಡಾಲರಿನಲ್ಲೋ ಬರೆಸಿಕೊಳ್ಳಿ, ಇಷ್ಟು ಬಿಟ್‌ಕಾಯಿನ್ ಎಂದು ಬರೆದಿದ್ದರೆ ಸಹಿ ಹಾಕಬೇಡಿ. ಕೈಗೆ ಬಂದ ದಿನದ ರೂಪಾಯಿ ಬೆಲೆಯನ್ನು ಅವತ್ತೇ ಗುರುತು ಹಾಕಿಟ್ಟು ನಿಮ್ಮ ಲೆಕ್ಕಪರಿಶೋಧಕರಿಗೆ ತೋರಿಸಿ. ಮನೆ ಬಾಡಿಗೆಗೆ ಬೇಕಾದಷ್ಟನ್ನು ಆ ದಿನವೇ ಬದಲಿಸಿಕೊಳ್ಳಿ.